ಅದನ್ನೋದಿ ಏನು ಮಾಡ್ತೀಯ?

ಕಳೆದ ವೈಶಾಖದಲ್ಲಿ ಬಸವನಗುಡಿಯ ಛತ್ರವೊಂದರಲ್ಲಿ ನಡೆದ ಮದುವೆಯ ಊಟಕ್ಕೆ ಕುಳಿತಾಗ ನನ್ನ ಎಡಗಡೆ ಬಂಧುಗಳೊಬ್ಬರ ಮೊಮ್ಮಗಳೂ ಬಲಗಡೆ ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರೂ ಇದ್ದರು. ಕೋಸಂಬರಿ, ಪಲ್ಯ, ಗೊಜ್ಜುಗಳ ಸುತ್ತು ಮುಗಿದು ಎಲೆಗೆ ಸಾರು ಬಿದ್ದಿತ್ತು. ಇಂಥ ಪಂಕ್ತಿಗಳಲ್ಲಿ ಎಲೆಯ ತುದಿಗೆ ಉಪ್ಪು ಬಡಿಸಿದಷ್ಟೇ ನಿಯತವಾಗಿ ಬರತಕ್ಕ ಪ್ರಶ್ನೆಯೊಂದು ಆಗ ನನ್ನ ಎಲೆಯ ಮೇಲಿನಿಂದ ಹಾದು ಆ ಹುಡುಗಿಯನ್ನು ಮುಟ್ಟಿತು.

"ಏನಮ್ಮಾ, ಈಗ ಏನು ಓದ್ತಾ ಇದೀಯ?"

"ಬಿ.ಎಸ್ಸಿ., ತಾತ. ಜಿಯಾಲಜಿ."

"ಯಾಕೆ, ಸಿಇಟಿ ಬರೀಲಿಲ್ವಾ?"

"ಬರೆದೆ. ಇಂಜಿನಿಯರಿಂಗ್ ಸೀಟೂ ಬಂದಿತ್ತು. ನಾನೇ ಬೇಡ ಅಂದೆ."

ಹಿರಿಯರು ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದರು. "ಅದನ್ನೋದಿ ಏನು ಮಾಡ್ತೀಯ?" ಎಂದರು. ಧ್ವನಿಯಲ್ಲಿ ಕೇಡಿರಲಿಲ್ಲ, ವ್ಯಂಗ್ಯವಿರಲಿಲ್ಲ, ಇದ್ದದ್ದು ಮರುಕ. ಬಹುಶಃ ಅದೇ ಹೆಚ್ಚು ನೋಯಿಸಿತು. ಹುಡುಗಿ ಬಾಯಿ ತೆರೆಯುವ ಮೊದಲೇ ಚಿರೋಟಿ ಬಂತು. ಅದರ ಹಿಂದೆ ಸಕ್ಕರೆಪುಡಿ, ಅದರ ಹಿಂದೆ ಬಾದಾಮಿ ಹಾಲು. ಆ ಸಂಭ್ರಮದಲ್ಲಿ ಹಿರಿಯರು ತಾವು ಕೇಳಿದ್ದನ್ನು ಮರೆತರು. ಕೇಳಿದವರು ಮರೆಯುತ್ತಾರೆ. ಹುಡುಗಿ ಮಾತ್ರ ಚಿರೋಟಿಯನ್ನು ಮುರಿದು ಮುರಿದು ಪುಡಿ ಮಾಡಿದಳೇ ಹೊರತು ತಿನ್ನಲಿಲ್ಲ.

ಈ ಪ್ರಶ್ನೆಯನ್ನು ಕೇಳಿಸಿಕೊಳ್ಳದೆ ಬೆಳೆದ ಮಕ್ಕಳು ನಮ್ಮ ನಾಡಿನಲ್ಲಿ ವಿರಳ. ವಾಕ್ಯವೇನೋ ಒಂದೇ, ಆದರೆ ಅದರ ಹೊಟ್ಟೆಯೊಳಗೆ ಬೇರೆ ಬೇರೆ ಪ್ರಶ್ನೆಗಳು ಅಡಗಿರುತ್ತವೆ. ಹೊಟ್ಟೆಪಾಡಿಗೆ ಏನು ಮಾಡುವೆ ಎಂಬುದು ಒಂದು. ಅದು ನ್ಯಾಯವಾದ ಪ್ರಶ್ನೆ, ಅದಕ್ಕೆ ಉತ್ತರ ಹುಡುಕಿಟ್ಟುಕೊಳ್ಳುವುದು ಓದುವವರ ಕರ್ತವ್ಯವೇ ಸರಿ. ನಾಲ್ಕು ಜನ ವಿಚಾರಿಸಿದರೆ ನಿನ್ನ ತಂದೆತಾಯಿ ಏನು ಹೇಳಬೇಕು ಎಂಬುದು ಮತ್ತೊಂದು. ಅದು ಆ ನಾಲ್ಕು ಜನರ ತೊಂದರೆ. ಇವೆರಡರ ಹಿಂದೆ, ಕೇಳುವವರಿಗೂ ಅರಿವಿಲ್ಲದಂತೆ, ತಾವು ಹಿಡಿಯದೆ ಬಿಟ್ಟ ದಾರಿಯನ್ನು ಇನ್ನೊಬ್ಬರು ಹಿಡಿದು ದಡ ಮುಟ್ಟಿಬಿಟ್ಟರೆ ತಮ್ಮ ಬಾಳಿನ ಲೆಕ್ಕವನ್ನು ಮತ್ತೊಮ್ಮೆ ತೆಗೆದು ನೋಡಬೇಕಾದೀತೆಂಬ ಅಳುಕೂ ಕೆಲವೊಮ್ಮೆ ಮುದುರಿಕೊಂಡಿರುತ್ತದೆ. ಮೂರನ್ನೂ ಒಂದೇ ಉಸಿರಿನಲ್ಲಿ ಕೇಳಿದಾಗ ಹತ್ತೊಂಬತ್ತರ ಮಗು ಯಾವುದಕ್ಕೆಂದು ಉತ್ತರ ಹೇಳೀತು?

(ಜಿಯಾಲಜಿ ಓದಿದವರು ಏನಾಗುತ್ತಾರೆಂಬುದಕ್ಕೆ ಕನ್ನಡಿಗರ ಬಳಿ ಒಂದು ತುಂಟ ಉತ್ತರವಿದೆ: ಟಿ. ಪಿ. ಕೈಲಾಸಂ ಆಗುತ್ತಾರೆ. ಲಂಡನ್ನಿಗೆ ಹೋಗಿ ಭೂವಿಜ್ಞಾನ ಕಲಿತು ಬಂದು, ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಯಲ್ಲಿ ಕೆಲಕಾಲವಿದ್ದು, ಅದನ್ನು ಬಿಟ್ಟು ನಾಟಕಕ್ಕೆ ಬಂದ ಆ ಮಹಾಶಯರ ಹೆಸರನ್ನು ಆ ಪಂಕ್ತಿಯಲ್ಲಿ ಎತ್ತಿದ್ದರೆ ಹುಡುಗಿಯ ಪಕ್ಷಕ್ಕೆ ಅನುಕೂಲವಾಗುತ್ತಿತ್ತೆಂಬ ಭರವಸೆ ನನಗಿರಲಿಲ್ಲ.)

ಎದೆಗುಂದಿಸುವ ಮಾತನ್ನಾಡುವವರೆಲ್ಲರೂ ಅಜ್ಞರು, ಸಂಕುಚಿತರು, ಅಸೂಯಾಪರರು ಎಂದು ತಿಳಿದುಕೊಳ್ಳುವುದು ಯೌವನದ ಸುಲಭ ಸಮಾಧಾನ. ಹಾಗೆಯೇ ಇದ್ದಿದ್ದರೆ ಕಷ್ಟವೇ ಇರಲಿಲ್ಲ. ಅಜ್ಞರ ಮಾತನ್ನು ಕಿವಿಯಿಂದ ಕೊಡವಿ ಮುಂದೆ ನಡೆಯಬಹುದಾಗಿತ್ತು. ಬೇಡವೆನ್ನುವವನು ಲೋಕಮಾನ್ಯನಾದ ಪಂಡಿತನೇ ಆಗಿದ್ದಾಗ ಏನು ಮಾಡಬೇಕು? ಅಂಥದೊಂದು ಪ್ರಸಂಗ ಬೆಂಗಳೂರಿನಲ್ಲಿಯೇ, ಊರಿನವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ವಿಜ್ಞಾನ ಮಂದಿರದಲ್ಲಿ, 1933ರಲ್ಲಿ ನಡೆಯಿತು. ಅದನ್ನು ಹೇಳುವ ಮೊದಲು, ಬೇಡವೆಂದ ಆ ಪಂಡಿತರ ಪೂರ್ವಕಥೆಯನ್ನು ಹೇಳುವುದು ನ್ಯಾಯ. ಏಕೆಂದರೆ ಅವರೂ ಒಂದು ಕಾಲದಲ್ಲಿ ಬೇಡವೆನ್ನಿಸಿಕೊಂಡವರೇ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಹದಿನೆಂಟರ ಪ್ರಾಯಕ್ಕೇ ಎಂ.ಎ. ಮುಗಿಸಿದ ಚಂದ್ರಶೇಖರ ವೆಂಕಟರಾಮನ್ ಎಂಬ ತರುಣನನ್ನು ಪರೀಕ್ಷಿಸಿದ ಸರ್ಕಾರಿ ವೈದ್ಯಾಧಿಕಾರಿ, ಇಂಗ್ಲೆಂಡಿನ ಹವೆಯನ್ನು ಈ ಕೃಶ ಶರೀರ ತಾಳಲಾರದೆಂದು ಹೇಳಿ ಸಮುದ್ರಯಾನದ ಆಸೆಯನ್ನು ಅಲ್ಲಿಗೇ ಕತ್ತರಿಸಿದ. ಹಿಂದೂಸ್ಥಾನದಲ್ಲಿ ವಿಜ್ಞಾನವನ್ನೇ ಜೀವನೋಪಾಯವಾಗಿ ಮಾಡಿಕೊಳ್ಳುವ ದಾರಿ ಆಗ ಇರಲೇ ಇಲ್ಲವೆನ್ನಬೇಕು. ಬುದ್ಧಿವಂತ ಹುಡುಗನೆಂದರೆ ಸರ್ಕಾರದ ದೊಡ್ಡ ಚಾಕರಿ, ಚಾಕರಿಯೆಂದರೆ ಪಿಂಚಣಿ. ಅಂತೆಯೇ ರಾಮನ್ನರು 1907ರಲ್ಲಿ ಹಣಕಾಸು ಇಲಾಖೆಯ ಪರೀಕ್ಷೆಗೆ ಕುಳಿತು, ಪ್ರಥಮರಾಗಿ ತೇರ್ಗಡೆ ಹೊಂದಿ, ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆದರು. ಬಂಧುಬಳಗಕ್ಕೆ ಇದಕ್ಕಿಂತ ನೆಮ್ಮದಿಯ ಸುದ್ದಿ ಯಾವುದು?

ಇಲ್ಲಿಂದ ಮುಂದಿನ ಹತ್ತು ವರ್ಷವನ್ನು ಜೀವನಚರಿತ್ರೆಗಳು ಒಂದೆರಡು ಪುಟಗಳಲ್ಲಿ ದಾಟಿಬಿಡುತ್ತವೆ. ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವುದು ಆ ಹತ್ತು ವರ್ಷವೇ. ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿ ಮಹೇಂದ್ರಲಾಲ್ ಸರ್ಕಾರರು ಸ್ಥಾಪಿಸಿದ್ದ ವಿಜ್ಞಾನ ಸಂಘದ ಪ್ರಯೋಗಶಾಲೆ ಬಳಸುವವರಿಲ್ಲದೆ ಬಿದ್ದಿತ್ತು. ರಾಮನ್ನರು ಬೆಳಗಿನ ಐದೂವರೆಗೆ ಅಲ್ಲಿಗೆ ಹೋಗುವರು. ಹತ್ತಕ್ಕೆ ಕಾಲು ಗಂಟೆಯಿರುವಾಗ ಮನೆಗೆ ಬಂದು, ಸ್ನಾನ ಮಾಡಿ, ಅವಸರದಲ್ಲಿ ನಾಲ್ಕು ತುತ್ತು ನುಂಗಿ ಕಚೇರಿಗೆ ಓಡುವರು. ಸಂಜೆ ಐದಕ್ಕೆ ಕಚೇರಿಯಿಂದ ನೇರವಾಗಿ ಮತ್ತೆ ಪ್ರಯೋಗಶಾಲೆ. ಮನೆ ಸೇರುವಾಗ ರಾತ್ರಿ ಒಂಬತ್ತೂವರೆ ಹತ್ತು. ಭಾನುವಾರವಂತೂ ದಿನವೆಲ್ಲ ಅಲ್ಲಿಯೇ. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾಯಿತು. ಅದರಿಂದ ಕೆಲಸ ನಿಲ್ಲಲಿಲ್ಲ. 1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕ ಪದವಿ ದೊರೆತಾಗ, ಸಂಬಳ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆಂದು ತಿಳಿದೂ ಸರ್ಕಾರಿ ಕುರ್ಚಿಯಿಂದ ಎದ್ದು ಬಂದರು. ಅಲ್ಲಿಂದ ಹನ್ನೊಂದು ವರ್ಷಕ್ಕೆ ರಾಮನ್ ಪರಿಣಾಮ, ಹದಿಮೂರು ವರ್ಷಕ್ಕೆ ನೊಬೆಲ್ ಪಾರಿತೋಷಕ.

ಸಾಹಸದ ಕಥೆಯೆಂದು ಇದನ್ನು ಹೇಳುವ ರೂಢಿಯಿದೆ. ನಾನು ಇದರಲ್ಲಿ ಕಾಣುವುದು ಸಾಹಸಕ್ಕಿಂತ ಮಿಗಿಲಾಗಿ ವ್ಯವಸ್ಥೆಯನ್ನು. ಬಂಧುಗಳ ಮಾತಿಗೆ ರಾಮನ್ನರು ಪ್ರತಿವಾದ ಹೂಡಲಿಲ್ಲ. ಅವರಿಗೆ ಬೇಕಾದ ಉದ್ಯೋಗವನ್ನು ಅವರ ಕೈಗಿತ್ತು, ತಮಗೆ ಬೇಕಾದ ಬೆಳಗನ್ನೂ ಸಂಜೆಯನ್ನೂ ತಾವಿಟ್ಟುಕೊಂಡರು. ಅನ್ನವನ್ನು ಬಿಟ್ಟು ಆದರ್ಶದ ಬೆನ್ನು ಹತ್ತಿದವರನ್ನು ನಾವು ಹಾಡಿ ಹೊಗಳುತ್ತೇವೆ. ಹತ್ತು ವರ್ಷ ಅನ್ನವನ್ನೂ ಬಿಡದೆ ಆದರ್ಶವನ್ನೂ ಬಿಡದೆ ಎರಡು ಹೊರೆಯನ್ನೂ ಒಂದೇ ಹೆಗಲಿನಲ್ಲಿ ಹೊತ್ತವನ ಶ್ರಮಕ್ಕೆ ಹಾಡಿಲ್ಲ; ಬೆಳಗಿನ ಐದೂವರೆಗೆ ಯಾರೂ ಹಾಡುವುದಿಲ್ಲವಷ್ಟೆ.

ಇಂಥ ರಾಮನ್ನರು 1933ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದರು. ಆ ವರ್ಷವೇ ಮುಂಬಯಿಯಿಂದ ಕಮಲಾ ಭಾಗವತ್ ಎಂಬ ತರುಣಿ ಸಂಶೋಧನ ವಿದ್ಯಾರ್ಥಿನಿಯಾಗಲು ಅರ್ಜಿ ಕಳುಹಿಸಿದರು. ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಪದವೀಧರೆ, ತಂದೆಯೂ ಚಿಕ್ಕಪ್ಪನೂ ಇದೇ ಮಂದಿರದಲ್ಲಿ ಓದಿ ಹೋದ ರಸಾಯನಶಾಸ್ತ್ರಜ್ಞರು, ಅಕ್ಕ ದುರ್ಗಾ ಭಾಗವತ್ ಮುಂದೆ ಮರಾಠಿಯ ದೊಡ್ಡ ಲೇಖಕಿಯಾದವರು. ಅರ್ಜಿ ತಿರಸ್ಕೃತವಾಯಿತು. ಅಂಕಗಳು ಸಾಲವೆಂದಲ್ಲ, ಅರ್ಜಿದಾರರು ಹೆಂಗಸೆಂದು.

ಕಮಲಾ ಅವರು ಕಾಗದದ ಉತ್ತರವನ್ನು ಕಾಗದವೆಂದೇ ಎಣಿಸಿ, ಕಾರಣವನ್ನು ನಿರ್ದೇಶಕರ ಬಾಯಿಂದಲೇ ಕೇಳುವೆನೆಂದು ಬೆಂಗಳೂರಿಗೆ ಬಂದರು. ಕೇಳಿದರು, ಒಪ್ಪಲಿಲ್ಲ, ಹಿಂತಿರುಗಲೂ ಇಲ್ಲ. ಗಾಂಧಿಯವರ ಕಾಲ, ಸತ್ಯಾಗ್ರಹವೆಂಬ ಮಾತು ಮನೆಮನೆಯಲ್ಲಿದ್ದ ಕಾಲ. ಕೊನೆಗೆ ರಾಮನ್ನರು ಷರತ್ತುಗಳ ಮೇಲೆ ಒಪ್ಪಿದರು. ಮೊದಲ ಒಂದು ವರ್ಷ ಆಕೆಯನ್ನು ಕ್ರಮಬದ್ಧ ವಿದ್ಯಾರ್ಥಿನಿಯೆಂದು ಪರಿಗಣಿಸತಕ್ಕದ್ದಲ್ಲ. ಮಾರ್ಗದರ್ಶಕರು ಹೇಳಿದಷ್ಟು ಹೊತ್ತು, ರಾತ್ರಿಯಾದರೂ ಸರಿ, ಕೆಲಸ ಮಾಡತಕ್ಕದ್ದು. ಪ್ರಯೋಗಶಾಲೆಯ ವಾತಾವರಣವನ್ನು ಕೆಡಿಸತಕ್ಕದ್ದಲ್ಲ. ಈ ಕೊನೆಯ ಷರತ್ತನ್ನು ಓದಿದಾಗ ಇಂದು ನಮಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಒಬ್ಬ ತರುಣಿ ಬಂದು ನಿಂತ ಮಾತ್ರಕ್ಕೆ ಕೆಟ್ಟುಹೋಗುವ ವಾತಾವರಣವನ್ನು ಆಕೆ ಕೆಡಿಸುವುದೆಂತು? ಅದು ಮೊದಲೇ ಕೆಟ್ಟಿದ್ದಿರಬೇಕು.

ಅವಮಾನವನ್ನು ನುಂಗಿಕೊಂಡೇ ಕಮಲಾ ಅವರು ಷರತ್ತುಗಳಿಗೆ ಒಪ್ಪಿದರು. ಮಾರ್ಗದರ್ಶಕರಾಗಿ ದೊರೆತ ಶ್ರೀನಿವಾಸಯ್ಯನವರು ಕಟ್ಟುನಿಟ್ಟಿನವರು. ಆ ಕಟ್ಟುನಿಟ್ಟು ಹೆಂಗಸೆಂಬ ಕಾರಣಕ್ಕಾಗಿರದೆ ಕೆಲಸದ ಕಾರಣಕ್ಕಾಗಿದ್ದುದರಿಂದ ಅದು ಆಕೆಗೆ ಭಾರವೆನಿಸಲಿಲ್ಲ. ಹಾಲಿನ, ಬೇಳೆಕಾಳುಗಳ ಪ್ರೋಟೀನುಗಳನ್ನು ಬೇರ್ಪಡಿಸಿ ಅಳೆಯುವುದು ಆಕೆಯ ವಿಷಯ. ಮಾಂಸವನ್ನು ತಿನ್ನದ ಅಥವಾ ಕೊಳ್ಳಲಾರದ ಕೋಟ್ಯಂತರ ಜನರಿರುವ ದೇಶಕ್ಕೆ ಇದಕ್ಕಿಂತ ಹತ್ತಿರದ ವಿಷಯವಿಲ್ಲ. ವರ್ಷ ಮುಗಿಯಿತು. ಕೆಲಸವನ್ನು ನೋಡಿ ರಾಮನ್ನರು ತೃಪ್ತರಾಗಿ ಕ್ರಮಬದ್ಧವಾಗಿ ಮುಂದುವರಿಯಲು ಅನುಮತಿಯಿತ್ತರು. ಅಷ್ಟೇ ಅಲ್ಲ, ಮುಂದೆ ತಮ್ಮ ಸ್ವಂತ ಪ್ರಯೋಗಶಾಲೆಗೂ ಮಹಿಳೆಯರನ್ನು ತೆಗೆದುಕೊಂಡರು. ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಪುರಾವೆ ಕಣ್ಣೆದುರಿಗೆ ಬಂದಾಗ ಅದನ್ನು ಒಪ್ಪಿಕೊಳ್ಳುವಷ್ಟು ವಿಜ್ಞಾನಿ ಅವರೊಳಗೆ ಉಳಿದಿದ್ದರೆಂಬುದನ್ನೂ ಹೇಳದಿದ್ದರೆ ತಪ್ಪಾದೀತು.

ಕಮಲಾ ಅವರು 1936ರಲ್ಲಿ ಎಂ.ಎಸ್ಸಿ. ಪಡೆದು ಕೇಂಬ್ರಿಜ್ಜಿಗೆ ಹೋದರು. ಅಲ್ಲಿ ಆಲೂಗೆಡ್ಡೆಯ ಮೇಲೆ ಕೆಲಸ ಮಾಡುತ್ತ, ಪ್ರಾಣಿಗಳ ಉಸಿರಾಟಕ್ಕೆ ಒದಗುವ ಸೈಟೋಕ್ರೋಮ್ ಸಿ ಎಂಬ ವಸ್ತು ಸಸ್ಯಗಳ ಜೀವಕೋಶಗಳಲ್ಲಿಯೂ ಉಂಟೆಂದು ತೋರಿಸಿ, ಕೇವಲ ನಲವತ್ತು ಪುಟಗಳ ಪ್ರಬಂಧಕ್ಕೆ 1939ರಲ್ಲಿ ಡಾಕ್ಟರೇಟ್ ಪಡೆದರು. (ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಪ್ರಬಂಧಗಳನ್ನು ತಕ್ಕಡಿಯಲ್ಲಿಟ್ಟು ನೋಡುವವರು ಈ ಪುಟಸಂಖ್ಯೆಯನ್ನು ಗಮನಿಸಬೇಕು.) ಹಿಂತಿರುಗಿ ದೆಹಲಿ, ಕೂನೂರುಗಳಲ್ಲಿ ದುಡಿದು, ವಿವಾಹಾನಂತರ ಕಮಲಾ ಸೊಹೊನಿಯಾಗಿ ಮುಂಬಯಿಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆನಿಂತು, ಬಡವರ ಪಾನೀಯವಾದ ನೀರಾದ ಪೋಷಕ ಗುಣಗಳನ್ನು ಶೋಧಿಸಿ, ಕೊನೆಗೆ ಆ ಸಂಸ್ಥೆಯ ನಿರ್ದೇಶಕಿಯಾದರು. ಇಷ್ಟಾದರೂ, ಇಳಿವಯಸ್ಸಿನಲ್ಲಿ ಮಹಿಳಾ ವಿಜ್ಞಾನಿಗಳ ಸಭೆಯಲ್ಲಿ ಮಾತನಾಡುವಾಗ ಆಕೆ ರಾಮನ್ನರು ಮಾಡಿದ್ದನ್ನು ಮರೆತಿರಲಿಲ್ಲ. ಅವರ ವಿಜ್ಞಾನವನ್ನು ದೊಡ್ಡದೆಂದು ಒಪ್ಪಿಯೂ ಆ ನೋವನ್ನು ನೋವೆಂದೇ ಹೇಳಿದರು. ನನಗೆ ಇದು ಹಿಡಿಸಿತು. ಮುಂದೆ ಹೋಗಬೇಕಾದರೆ ಹಿಂದಿನ ಅವಮಾನವನ್ನು ಕ್ಷಮಿಸಿ ಮರೆತಿರಲೇಬೇಕೆಂದು ಉಪದೇಶಿಸುವವರುಂಟು. ಅರುವತ್ತು ವರ್ಷ ನೆನಪಿಟ್ಟುಕೊಂಡೂ ಕೆಲಸ ಮಾಡಬಹುದು.

ಈ ಪ್ರಸಂಗದಲ್ಲಿ ಗಮನಿಸಬೇಕಾದದ್ದು ಇದು: ಬೆಳಕಿನ ಚದರುವಿಕೆಯ ವಿಷಯದಲ್ಲಿ ರಾಮನ್ನರ ಮಾತು ಲೋಕಕ್ಕೆಲ್ಲ ಪ್ರಮಾಣ. ಹೆಂಗಸರು ಪ್ರಯೋಗಶಾಲೆಯಲ್ಲಿ ದುಡಿಯಬಲ್ಲರೋ ಇಲ್ಲವೋ ಎಂಬ ವಿಷಯದಲ್ಲಿ ಅವರಿಗಿದ್ದ ತಿಳಿವಳಿಕೆ ಬೀದಿಯಲ್ಲಿ ಹೋಗುವವನಿಗಿದ್ದಷ್ಟೇ. ಒಂದು ಕಡೆ ಸಂಪಾದಿಸಿದ ಅಧಿಕಾರವನ್ನು ಇನ್ನೊಂದು ಕಡೆ ಚಲಾಯಿಸುವುದು ದೊಡ್ಡವರ ದೌರ್ಬಲ್ಯ. ಅದನ್ನು ಮರುಮಾತಿಲ್ಲದೆ ಸ್ವೀಕರಿಸುವುದು ಚಿಕ್ಕವರ ದೌರ್ಬಲ್ಯ. ಯಾರು ಹೇಳಿದರೆಂಬುದಕ್ಕಿಂತ, ಹೇಳಿದವರು ಆ ಮಾತನ್ನು ಯಾವುದನ್ನು ನೋಡಿ ಹೇಳಿದರೆಂಬುದನ್ನು ವಿಚಾರಿಸಬೇಕು. ನಮ್ಮ ಕೆಲಸವನ್ನು ನೋಡಿ ಹೇಳಿದರೆ? ಅಥವಾ ನಮ್ಮ ಹುಟ್ಟನ್ನು, ಉಡುಪನ್ನು, ಊರನ್ನು, ಇಂಗ್ಲಿಷಿನ ಉಚ್ಚಾರಣೆಯನ್ನು ನೋಡಿ?

ಕೆಲಸವನ್ನು ನೋಡಿ ಹೇಳಿದ ಬೇಡವೆಂಬ ಮಾತು ಬೇರೆ ಜಾತಿಯದು. ಅದಕ್ಕೆ ಕಿವಿಗೊಡದ ಛಲ ಮೂರ್ಖತನ. ಮೈಸೂರಿನಲ್ಲಿ ಓದುತ್ತಿದ್ದ ಕುಪ್ಪಳಿಯ ತರುಣನೊಬ್ಬ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ. 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಎಂಬ ಪುಟ್ಟ ಪುಸ್ತಕವೂ ಅಚ್ಚಾಗಿತ್ತು. ಊರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸರ ಬಳಿಗೆ ಆ ತರುಣ ತನ್ನ ಪದ್ಯಗಳನ್ನು ಮೆಚ್ಚುಗೆಯ ನಿರೀಕ್ಷೆಯಿಂದ ಒಯ್ದರೆ, ಅವರು ಓದಿ ನೋಡಿ, ನಿನ್ನ ಮಾತೃಭಾಷೆಯಲ್ಲಿ ಏನನ್ನು ಬರೆದಿರುವೆ ಎಂದು ಕೇಳಿದರು. ತರುಣನ ಉತ್ಸಾಹಕ್ಕೆ ತಣ್ಣೀರೆರಚಿದಂತಾಯಿತು. ಆದರೆ ಕಸಿನ್ಸರು ಕವಿಗಳು. ಅವರ ಮುಂದಿದ್ದದ್ದು ಕವಿತೆ. ಆ ಮಾತು ಒಳಗಿಳಿದ ಫಲವಾಗಿ ನಮಗೆ ಕುವೆಂಪು ದೊರೆತರು. ಅಂದು ಆ ತರುಣ 'ನನ್ನ ದಾರಿ ನನಗೆ ಗೊತ್ತು' ಎಂದು ಎದೆ ಸೆಟೆಸಿದ್ದರೆ ಅನಾಮಧೇಯ ಇಂಗ್ಲಿಷ್ ಪದ್ಯಕಾರರ ಪಟ್ಟಿಗೆ ಇನ್ನೊಂದು ಹೆಸರು ಸೇರುತ್ತಿತ್ತು.

ಇನ್ನು, ಗೆದ್ದವರ ಕಥೆಗಳನ್ನಷ್ಟೇ ಹೇಳಿ ಎಳೆಯರನ್ನು ಹುರಿದುಂಬಿಸುವುದು ಅಪ್ರಾಮಾಣಿಕವೆಂದು ನನ್ನ ಮತ. ರಾಮನ್ನರ ಪ್ರಯೋಗಶಾಲೆಗೆ 1940ರಲ್ಲಿ ಬಂದ ಅನ್ನಾ ಮಣಿಯವರನ್ನು ನೋಡಿ. ತಿರುವಾಂಕೂರಿನ ಸಂಪನ್ನ ಮನೆತನದ ಹುಡುಗಿ. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯ ಪದ್ಧತಿಯಂತೆ ವಜ್ರದೋಲೆ ಕೊಡಬಂದರೆ, ಅದು ಬೇಡ, ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಕೊಡಿಸಿರೆಂದವರು. ಕಿವಿಗೆ ಬೇಡವೆಂದ ವಜ್ರ ಬೆಂಗಳೂರಿನಲ್ಲಿ ಕೈಗೆ ಬಂತು: ಮೂವತ್ತಕ್ಕೂ ಮಿಕ್ಕ ವಜ್ರಗಳ ರೋಹಿತಗಳನ್ನು ಅವರು ಪರೀಕ್ಷಿಸಿದರು. ಒಂದೊಂದು ಛಾಯಾಫಲಕಕ್ಕೂ ಹದಿನೈದಿಪ್ಪತ್ತು ಗಂಟೆ ಬೆಳಕು ಬೀಳಬೇಕಾದ್ದರಿಂದ ಎಷ್ಟೋ ರಾತ್ರಿ ಪ್ರಯೋಗಶಾಲೆಯಲ್ಲಿಯೇ ಮಲಗುತ್ತಿದ್ದರು. 1945ರಲ್ಲಿ ಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರೆ, ಎಂ.ಎಸ್ಸಿ. ಪದವಿಯಿಲ್ಲವೆಂಬ ಕಾರಣದಿಂದ ಡಾಕ್ಟರೇಟ್ ನಿರಾಕರಿಸಲ್ಪಟ್ಟಿತು. ಅದು ಕೊನೆಯ ಪರ್ಯಂತ ದೊರೆಯಲೇ ಇಲ್ಲ. ಪ್ರಬಂಧದ ಪ್ರತಿ ರಾಮನ್ ಸಂಶೋಧನ ಮಂದಿರದ ಗ್ರಂಥಾಲಯದಲ್ಲಿ ಉಳಿಯಿತು. ಭೌತಶಾಸ್ತ್ರವನ್ನೇ ಮುಂದುವರಿಸಲು ಇಂಗ್ಲೆಂಡಿಗೆ ಹೋದರೆ ಅಲ್ಲಿ ದೊರೆತದ್ದು ಹವಾಮಾನದ ಉಪಕರಣಗಳ ತರಬೇತಿ ಮಾತ್ರ. ಅದನ್ನೇ ಕಲಿತು, 1948ರಲ್ಲಿ ಹಿಂತಿರುಗಿ, ಪುಣೆಯ ಹವಾಮಾನ ಇಲಾಖೆ ಸೇರಿ, ವಿದೇಶದಿಂದ ತರಿಸಬೇಕಾಗಿದ್ದ ಸುಮಾರು ನೂರು ಬಗೆಯ ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ ಈ ದೇಶದಲ್ಲಿಯೇ ತಯಾರಿಸುವಂತೆ ಮಾಡಿದರು. ಬಯಸಿದ ಕೆಲಸ ಕೈತಪ್ಪಿತು. ಕೈಗೆ ಬಂದ ಕೆಲಸ ಬಯಕೆಯಾಯಿತು. ಇದನ್ನು ಗೆಲುವೆನ್ನಬೇಕೋ ಸೋಲೆನ್ನಬೇಕೋ ತೀರ್ಮಾನಿಸುವ ಅವಸರ ನನಗಿಲ್ಲ.

ಈ ಮೂವರು ವಿಜ್ಞಾನಿಗಳಲ್ಲಿಯೂ ಸಮಾನವಾಗಿ ಕಾಣುವ ಸಂಗತಿ ಹುರುಪಲ್ಲ. ನಮ್ಮ ಜನ ಹುರುಪು ಏರಿತು, ಹುರುಪು ಇಳಿಯಿತು ಎಂದು ಜ್ವರದಂತೆ ಅದನ್ನು ಹೇಳುವುದು ಅರ್ಥಪೂರ್ಣವಾಗಿದೆ. ಏರಿದ್ದು ಇಳಿಯುವುದೇ, ಅದನ್ನು ಇಳಿಸಲು ಪಂಕ್ತಿಯಲ್ಲಿ ಕುಳಿತ ಒಬ್ಬ ತಾತ ಸಾಕು. ಅದೇ ಜನ ಕೈ ಪಳಗಿತು ಎಂದೂ ಹೇಳುತ್ತಾರೆ. ಪಳಗಿದ ಕೈ ಯಾರ ಮಾತಿನಿಂದಲೂ ಮರಳಿ ಕಾಡು ಸೇರುವುದಿಲ್ಲ. ಹೊತ್ತಿಗೆ ಸರಿಯಾಗಿ ಹೋಗಿ ಕುಳಿತು ಮಾಡುವ ಕೆಲಸ ಒಂದಿದ್ದು, ಅದು ತಿಂಗಳು ತಿಂಗಳಿಗೂ ಸ್ವಲ್ಪ ಸ್ವಲ್ಪವೇ ಸಲೀಸಾಗುತ್ತಿದೆಯೆಂದು ಕೈಗೆ ಗೊತ್ತಾಗುತ್ತಿದ್ದರೆ, ಮನಸ್ಸಿನ ಕೆಲಸ ಹಗುರವಾಗುತ್ತದೆ. ಮನೆಯಲ್ಲಿ ಒಬ್ಬರಾದರೂ ಬೆನ್ನಿಗಿದ್ದರಂತೂ ಅರ್ಧ ಗೆದ್ದಂತೆ. ಕಮಲಾ ಅವರಿಗೆ ಅಂಥ ಮನೆಯಿತ್ತು. ಇಲ್ಲದವರ ಪಾಡು ಹೆಚ್ಚು ಕಠಿನ. ಅವರು ಮನೆಯ ಹೊರಗಾದರೂ, ತಮ್ಮ ಕೆಲಸವನ್ನು ಬಲ್ಲ ಒಬ್ಬರನ್ನು ಹುಡುಕಿಕೊಳ್ಳಬೇಕು. ಹತ್ತು ಜನರ ಹತ್ತು ಮಾತಿಗಿಂತ ಆ ಒಬ್ಬರ ತಿದ್ದುವಿಕೆ ಹೆಚ್ಚು ಬೆಲೆಯುಳ್ಳದ್ದು.

ಊಟ ಮುಗಿದು ಕೈ ತೊಳೆಯಲು ಎದ್ದಾಗ ಆ ಹುಡುಗಿಯನ್ನು, ಏನು ಮಾಡುವೆಯೆಂದು ಕೇಳದೆ, ಏನು ನೋಡಿದೆಯೆಂದು ಕೇಳಿದೆ. ಮುಖ ಅರಳಿತು. ತರಗತಿಯವರೆಲ್ಲ ಚಿತ್ರದುರ್ಗದ ಬಳಿಯ ಮರಡಿಹಳ್ಳಿಗೆ ಹೋಗಿದ್ದರಂತೆ. ಕೋಟ್ಯಂತರ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾರಸ ತಣ್ಣಗಾಗುವಾಗ ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಗಟ್ಟಿಯಾಗಿ ನಿಂತಿದೆ. ಸುತ್ತ ನೋಡಿದರೆ ಬಟಾಬಯಲು, ಬಿಸಿಲು. "ಇಲ್ಲಿ ನೀರಿತ್ತು ಅಂತ ಆ ಕಲ್ಲು ಹೇಳತ್ತೆ" ಎಂದಳು. ಅಷ್ಟರಲ್ಲಿ ಹಿರಿಯರೂ ನಲ್ಲಿಯ ಬಳಿಗೆ ಬಂದರು. ಅವಳು ಅವರ ಕಡೆ ತಿರುಗಿ, "ತಾತ, ನೀವು ದಿನಾ ಲಾಲ್‌ಬಾಗಿಗೆ ವಾಕಿಂಗ್ ಹೋಗ್ತೀರಲ್ಲ, ಆ ಬಂಡೆಗೆ ಹೆಚ್ಚು ಕಡಿಮೆ ಮುನ್ನೂರು ಕೋಟಿ ವರ್ಷ. ಅಲ್ಲೇ ಬೋರ್ಡ್ ಹಾಕಿದಾರೆ" ಎಂದಳು. ಹಿರಿಯರು ವೀಳ್ಯವನ್ನು ಬಾಯಿಗಿಟ್ಟುಕೊಳ್ಳುತ್ತ "ಹೌದಾ?" ಎಂದು ಸುಮ್ಮನಾದರು.

ವಾರ ಕಳೆದ ಮೇಲೆ ಅವರು ಫೋನು ಮಾಡಿದರು. ಹೋಗಿ ಫಲಕವನ್ನು ಓದಿದೆನೆಂದೂ, ಮೂವತ್ತು ವರ್ಷದಿಂದ ಅದರ ಪಕ್ಕದಲ್ಲಿಯೇ ನಡೆದಾಡುತ್ತಿದ್ದರೂ ಒಮ್ಮೆಯೂ ನಿಂತು ಓದಿರಲಿಲ್ಲವೆಂದೂ ಹೇಳಿದರು. ಆಮೇಲೆ, ಇದಕ್ಕೆಲ್ಲ ಸರ್ಕಾರದಲ್ಲಿ ಕೆಲಸವೇನಾದರೂ ಇದೆಯೇ ಎಂದು ಕೇಳಿದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೂ ಅಂತರ್ಜಲ ಮಂಡಳಿಗೂ ಕೇಂದ್ರ ಲೋಕಸೇವಾ ಆಯೋಗ ಪ್ರತ್ಯೇಕ ಪರೀಕ್ಷೆ ನಡೆಸುತ್ತದೆಂದು ತಿಳಿಸಿದೆ. ಬರೆದುಕೊಂಡರು.